ಸೊಂಟದ ಕೊಬ್ಬು, ಕೆಲಸದ ರೆಫರಲ್: ಒಂದೇ ವರ್ಷದ ಎರಡು ಓಡಾಟ

ಹೊಟ್ಟೆ ಕರಗಿಸೋದು ಹೇಗೆ, ಕೆಲಸ ಹುಡುಕೋದು ಹೇಗೆ. ಈ ಎರಡು ವಿಷಯಕ್ಕೆ ಸಲಹೆ ಕೊಡದ ಮನುಷ್ಯ ಹುಬ್ಬಳ್ಳಿಯಲ್ಲಿ ನನಗೆ ಇನ್ನೂ ಸಿಕ್ಕಿಲ್ಲ. ತರಕಾರಿ ಮಾರುವ ಅಕ್ಕನಿಂದ ಹಿಡಿದು ಮಗಳ ಸ್ಕೂಲ್ ವ್ಯಾನಿನ ಡ್ರೈವರ್ ಕಾಕಾವರೆಗೆ ಎಲ್ಲರ ಹತ್ತಿರವೂ ಉತ್ತರ ರೆಡಿ ಇರುತ್ತದೆ. ಹೋದ ವರ್ಷ ನಾನು ಎರಡನ್ನೂ ಒಟ್ಟಿಗೇ ಹಚ್ಚಿಕೊಂಡೆ. ಇದೇ ದಾರಿಯಲ್ಲಿ ಇರುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ನನ್ನ ಹಿನ್ನೆಲೆ ಸ್ವಲ್ಪ ಹೇಳಬೇಕು. ಓದಿದ್ದು ಧಾರವಾಡದಲ್ಲಿ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೆ. ಮಗಳು ಹುಟ್ಟಿದ ಮೇಲೆ ಬಿಟ್ಟು ಬಂದೆ. ಈಗ ವಿದ್ಯಾನಗರದಲ್ಲಿ ಮನೆ. ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಮತ್ತೆ ಕೆಲಸಕ್ಕೆ ಸೇರುವ ಆಸೆ ಬಂತು. ಹಳೆಯ ಫಾರ್ಮಲ್ ಪ್ಯಾಂಟ್ ತೆಗೆದು ನೋಡಿದರೆ ಗುಂಡಿ ಹತ್ತಲೇ ಇಲ್ಲ. ಎರಡು ಓಡಾಟವೂ ಶುರುವಾಗಿದ್ದು ಹೀಗೆ.

ಅತ್ತೆಯದು ಸೀದಾ ಮಾತು. "ಎರಡ ಹೊತ್ತು ರೊಟ್ಟಿ ತಿನ್ನು, ಅನ್ನ ಬಿಡು, ತಾನ ಇಳೀತದ." ನೆಗೆಣ್ಣಿ ಜೀರಿಗೆ ನೀರು ಅಂದಳು. ಪಕ್ಕದ ಮನೆಯವರು ಉಣಕಲ್ ಕೆರೆ ಸುತ್ತ ವಾಕಿಂಗ್‌ಗೆ ಕರೆದರು. ಅದಕ್ಕೆ ಮಾತ್ರ ಹೋದೆ, ಈಗಲೂ ಹೋಗುತ್ತೇನೆ. ತೂಕ ಒಂದಿಷ್ಟು ಇಳಿಯಿತು ಕೂಡ. ಆದರೆ ಸೊಂಟದ ಎರಡೂ ಪಕ್ಕದಲ್ಲಿ ಜೋತು ಬಿದ್ದ ಮಾಂಸ ಅಲ್ಲೇ ಇತ್ತು. ಮುಂದಿನ ಹೊಟ್ಟೆಯೂ ಅಷ್ಟೇ. ಸಂಜೆ ಆದಂತೆ ಇನ್ನಷ್ಟು ಉಬ್ಬಿದ ಹಾಗೆ ಕಾಣುತ್ತಿತ್ತು.

ಊರಿನ ಒಂದು ಸ್ಲಿಮ್ಮಿಂಗ್ ಸೆಂಟರ್‌ನವರು ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಹೋಗಿ ನೋಡಿದೆ. ಎಸಿ ಇತ್ತು, ಗೋಡೆ ತುಂಬಾ ಬಿಫೋರ್–ಆಫ್ಟರ್ ಫೋಟೋ ಇತ್ತು. ಬಿಫೋರ್ ಫೋಟೋದಲ್ಲಿ ಎಲ್ಲರೂ ಹೊಟ್ಟೆ ಬಿಟ್ಟು, ಮುಖ ಸಣ್ಣ ಮಾಡಿಕೊಂಡು ನಿಂತಿದ್ದರು. ಆಫ್ಟರ್‌ನಲ್ಲಿ ಉಸಿರು ಬಿಗಿ ಹಿಡಿದು ನಗುತ್ತಿದ್ದರು. ಸೀರೆಯ ಮೇಲೆ ಬಿಳಿ ಕೋಟು ಹಾಕಿದ್ದ ಹುಡುಗಿ ಟೇಪು ಹಿಡಿದು ನನ್ನ ಸೊಂಟ ಅಳೆದಳು. ಹತ್ತು ನಿಮಿಷ ಒಂದು ಬೆಲ್ಟ್ ಕಟ್ಟಿ ಬಿಸಿ ಮಾಡಿದಳು. ಮತ್ತೆ ಅಳೆದು, "ನೋಡ್ರಿ ಮೇಡಂ, ಟ್ರಯಲ್‌ದಾಗ ಒಂದ್ ಇಂಚ್ ಹೋತು" ಅಂದಳು. ಮೊದಲ ಸಲ ಟೇಪು ಸಡಿಲ ಇತ್ತು, ಹೊಕ್ಕಳಿನ ಮೇಲೆ ಇತ್ತು. ಎರಡನೇ ಸಲ ಬಿಗಿಯಾಗಿ, ಸ್ವಲ್ಪ ಮೇಲೆ ಬಂದಿತ್ತು. ಟೆಸ್ಟಿಂಗ್ ಮಾಡಿದವಳಿಗೆ ಇಂಥದ್ದು ಕಣ್ಣಿಗೆ ಬೀಳದೆ ಇರುತ್ತದಾ?

ನನ್ನ ಆರೋಗ್ಯದ ಬಗ್ಗೆ ಆಕೆ ಕೇಳಿದ್ದು ಏನೂ ಇಲ್ಲ. ಹೆರಿಗೆ ಹೇಗಾಯಿತು, ಶುಗರ್ ಇದೆಯಾ, ಯಾವ ಮಾತ್ರೆ ತಗೋತೀರಿ, ಒಂದೂ ಇಲ್ಲ. ಕೇಳಿದ್ದು ಒಂದೇ. "ಫುಲ್ ಪೇಮೆಂಟ್ ಮಾಡ್ತೀರೋ, ಇಎಂಐ ಹಾಕ್ಲೋ? ಇವತ್ತ ಬುಕ್ ಮಾಡಿದ್ರ ಆಫರ್ ಐತ್ರಿ." ಇಲ್ಲಿ ಡಾಕ್ಟರ್ ಯಾರು ಅಂದೆ. "ಸರ್ ವಾರಕ್ಕೊಮ್ಮೆ ಬರ್ತಾರ್ರಿ" ಅಂದಳು. ಇವತ್ತಿನ ಆಫರ್ ಅನ್ನುವ ಕಡೆ ಇವತ್ತು ದುಡ್ಡು ಕೊಡಬಾರದು ಅನ್ನೋದು ನನ್ನ ರೂಲ್. ಎದ್ದು ಬಂದೆ.

ಆಮೇಲೆ ಹುಡುಕಿದ್ದು ಪ್ಲಾಸ್ಟಿಕ್ ಸರ್ಜನ್ ಅವರನ್ನು. ಇಲ್ಲಿ ಒಂದು ಮಾತು. ಬೋರ್ಡಿನ ಮೇಲೆ 'ಕಾಸ್ಮೆಟಿಕ್' ಅಂತ ಯಾರು ಬೇಕಾದರೂ ಬರೆಸಬಹುದು. ನೋಡಬೇಕಾದ್ದು ಹೆಸರಿನ ಮುಂದಿನ ಡಿಗ್ರಿ. ಪ್ಲಾಸ್ಟಿಕ್ ಸರ್ಜನ್ ಆದರೆ ಎಂಸಿಎಚ್ ಅಥವಾ ಅದೇ ವಿಷಯದಲ್ಲಿ ಡಿಎನ್‌ಬಿ ಇರುತ್ತದೆ. ಚರ್ಮದ ಡಾಕ್ಟರ್ ಆದರೆ ಆ ವಿಷಯದಲ್ಲಿ ಎಂಡಿ ಅಥವಾ ಡಿಪ್ಲೊಮಾ ಇರುತ್ತದೆ. ಚೀಟಿಯಲ್ಲಿ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಇರಬೇಕು. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ಕ್ಲಿನಿಕ್ ಕೂಡ ನೋಂದಣಿ ಆಗಿರಬೇಕು, ಆ ಪತ್ರ ಗೋಡೆ ಮೇಲೆ ಕಾಣುವ ಹಾಗೆ ಹಾಕಿರಬೇಕು. ಈ ಕಾಯ್ದೆಗೆ ಜನ ಸಾಮಾನ್ಯವಾಗಿ ಕೆಪಿಎಂಇ ಅನ್ನುತ್ತಾರೆ. ಹೋದ ಕೂಡಲೇ ಗೋಡೆ ನೋಡಿ. ನಾಚಿಕೆ ಬೇಡ.

ಈ ಡಾಕ್ಟರ್ ಮಷೀನಿನ ಹೆಸರನ್ನೇ ಎತ್ತಲಿಲ್ಲ. ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. ಹೆರಿಗೆ ನಾರ್ಮಲ್ಲೋ ಸಿಸೇರಿಯನ್ನೋ? ತೂಕ ಈಚೆಗೆ ಎಷ್ಟು ಏರಿಳಿದಿದೆ? ಇನ್ನೊಂದು ಮಗುವಿನ ವಿಚಾರ ಇದೆಯಾ? ತಣ್ಣೀರು ಮುಟ್ಟಿದರೆ ಮೈಮೇಲೆ ದದ್ದು ಏಳುತ್ತದಾ? ಚಳಿಗೆ ಬೆರಳು ಬೆಳ್ಳಗೆ ಆಗುತ್ತದಾ? ಹರ್ನಿಯಾ ಇತ್ತಾ? ಆಮೇಲೆ ಟೇಬಲ್ ಮೇಲೆ ಅಂಗಾತ ಮಲಗಿಸಿ, "ಕೈ ಊರದ ತಲಿ ಅಷ್ಟ ಎತ್ರಿ" ಅಂದರು. ಎತ್ತಿದೆ. ಹೊಟ್ಟೆಯ ನಡುವೆ ಮೇಲಿಂದ ಕೆಳಗೆ ಒಂದು ಗುಡ್ಡೆ ಎದ್ದು ನಿಂತಿತು. ಅವರು ಹೊಕ್ಕಳಿನ ಮೇಲೆ ಬೆರಳು ಇಟ್ಟರು. ಬೆರಳುಗಳು ಸಲೀಸಾಗಿ ಒಳಗೆ ಇಳಿದವು.

"ಇದು ಕೊಬ್ಬಲ್ರಿ" ಅಂದರು. "ಬಸಿರಿನಾಗ ಹೊಟ್ಟಿ ಸ್ನಾಯು ಎರಡೂ ಕಡೆ ಸರಿದಾವ. ವಾಪಸ್ ಕೂಡಿಲ್ಲ. ಇದರ ಮ್ಯಾಲ ಎಷ್ಟ ಮಷೀನ್ ಇಟ್ರೂ ಏನೂ ಆಗಂಗಿಲ್ಲ."

ಡಯಾಸ್ಟಾಸಿಸ್ ಅಂತಾರೆ ಇದಕ್ಕೆ. ಹೊಟ್ಟೆಯ ಮುಂಭಾಗದಲ್ಲಿ ಉದ್ದಕ್ಕೆ ಎರಡು ಪಟ್ಟಿ ಸ್ನಾಯು ಇರುತ್ತವೆ. ನಡುವೆ ತೆಳ್ಳಗಿನ ಜೋಡಣೆ. ಬಸಿರಿನಲ್ಲಿ ಅದು ಹಿಗ್ಗುತ್ತದೆ. ಹೆರಿಗೆ ಆದ ಮೇಲೆ ಬಹಳ ಜನರಲ್ಲಿ ತಾನೇ ಕುಗ್ಗುತ್ತದೆ, ಕೆಲವರಲ್ಲಿ ಇಲ್ಲ. ಸುಮಾರು ಎರಡು ಬೆರಳಿಗಿಂತ ಜಾಸ್ತಿ ಅಂತರ ಇದ್ದರೆ ಲೆಕ್ಕಕ್ಕೆ ತಗೋತಾರೆ. ಹೊಟ್ಟೆ ಮುಂದಕ್ಕೆ ಬರೋದು, ಸಂಜೆ ಜಾಸ್ತಿ ಉಬ್ಬೋದು, ಸೊಂಟ ನೋವು, ಎಲ್ಲಕ್ಕೂ ಇದೇ ಕಾರಣ ಇರಬಹುದು. ಹರ್ನಿಯಾ ಇದೆಯೋ ಅಂತ ನೋಡಲು ಸ್ಕ್ಯಾನ್ ಬರೆದರು. ಇರಲಿಲ್ಲ. ಇದ್ದಿದ್ದರೆ ಆ ಜಾಗದಲ್ಲಿ ಕೊಬ್ಬು ಹೆಪ್ಪುಗಟ್ಟಿಸುವ ಮಷೀನ್ ಇಡಲೇಬಾರದು. ಅದು ಎಳೆಯುವ ರಭಸಕ್ಕೆ ಕರುಳು ಸಿಕ್ಕಿಕೊಳ್ಳಬಹುದು. ಸ್ಲಿಮ್ಮಿಂಗ್ ಸೆಂಟರ್‌ನವರು ಹರ್ನಿಯಾ ಅನ್ನುವ ಮಾತನ್ನೇ ಆಡಿರಲಿಲ್ಲ ಅಂತ ಆಗ ನೆನಪಾಯಿತು.

ಮುಂದಿನ ಹೊಟ್ಟೆಗೆ ಅವರು ಬರೆದದ್ದು ಫಿಸಿಯೋಥೆರಪಿ. ನೆಟ್ಟಗೆ ಮಲಗಿ, ಉಸಿರು ಬಿಡುತ್ತಾ ಹೊಕ್ಕಳನ್ನು ಒಳಗೆ ಎಳೆಯೋದು. ಹಿಮ್ಮಡಿ ನೆಲಕ್ಕೆ ಹಚ್ಚಿಕೊಂಡೇ ಕಾಲು ನಿಧಾನ ಚಾಚೋದು. ನೋಡಿದರೆ ಇದೇನು ವ್ಯಾಯಾಮ ಅನಿಸುತ್ತದೆ. ಮಾಡಿ ನೋಡಿ, ಬೆವರು ಬರುತ್ತದೆ. ಯೂಟ್ಯೂಬ್ ನೋಡಿ ಎದ್ದು ಕೂತು ಮಾಡುವ ಕ್ರಂಚಸ್ ಸದ್ಯಕ್ಕೆ ಬೇಡ ಅಂದರು. ಅಂತರ ಇನ್ನೂ ಅಗಲ ಆಗಬಹುದಂತೆ.

ಹಾಗಾದರೆ ಸೊಂಟದ ಪಕ್ಕದ್ದು? ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಚಿವುಟಿದರೆ ಕೈಗೆ ಸಿಗುವುದು ಚರ್ಮದ ಕೆಳಗಿನ ಕೊಬ್ಬು. ಮಷೀನ್ ಆಗಲಿ, ಕೊಬ್ಬು ಹೀರಿ ತೆಗೆಯುವ ಲೈಪೋಸಕ್ಷನ್ ಆಗಲಿ, ತೆಗೆಯೋದು ಅದನ್ನಷ್ಟೇ. ಕರುಳಿನ ಸುತ್ತ, ಲಿವರ್ ಒಳಗೆ ಕೂತದ್ದು ಬೇರೆ. ಶುಗರ್, ಹಾರ್ಟ್ ತೊಂದರೆಗೆ ಕಾರಣ ಆಗೋದು ಜಾಸ್ತಿ ಅದೇ, ಮತ್ತೆ ಅದಕ್ಕೆ ಊಟ, ನಡಿಗೆ ಬಿಟ್ಟರೆ ಯಾವ ಕ್ಲಿನಿಕ್ಕಿನ ಮಷೀನೂ ಮುಟ್ಟೋದಿಲ್ಲ. ಭಾರತೀಯರಿಗೆ ಸೊಂಟದ ಸುತ್ತಳತೆಯ ಗಡಿಯನ್ನು ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ಅಂತ ಇಟ್ಟಿದ್ದಾರೆ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 23 ದಾಟಿದರೆ ತೂಕ ಜಾಸ್ತಿ ಅಂತ ಲೆಕ್ಕ. ಜಗತ್ತಿನ ಸಾಮಾನ್ಯ ಅಳತೆಯಲ್ಲಿ ಅದು 25. ನಮ್ಮದು ಕಡಿಮೆ ತೂಕದಲ್ಲೇ ಹೊಟ್ಟೆಗೆ ಇಳಿಯುವ ಮೈ.

"ಇದನ್ನ ಮಾಡಿಸಿದ್ರ ತೂಕ ಕಡಿಮಿ ಆಗಂಗಿಲ್ಲ. ಇದು ತಲ್ಯಾಗ ಕೂತ ಮ್ಯಾಲ ಮುಂದಿನ ಮಾತು" ಅಂದು ಡಾಕ್ಟರ್ ಮನೆಗೆ ಕಳಿಸಿದರು. ಫೀ ಮಾತ್ರ ತಗೊಂಡರು.

ಮನೆಯಲ್ಲಿ ಈ ವಿಷಯ ಬಿಟ್ಟಿದ್ದೇ ತಡ, ಗದಗಿನಿಂದ ಅವ್ವನ ಫೋನ್. "ಹುಚ್ಚು ಹಿಡದದೇನ ನಿನಗ? ಆ ಟೀವಿ ಹುಡುಗಿ ಸುದ್ದಿ ಮರತ್ಯೇನು?" 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಆಪರೇಷನ್ ಆದ ಮೇಲೆ ತೀರಿಕೊಂಡರು. ವಯಸ್ಸು 21. ಆ ಸುದ್ದಿ ನಮ್ಮ ಕಡೆ ಪ್ರತಿ ಮನೆಯಲ್ಲೂ ಕೂತಿದೆ. ಅವ್ವನ ಭಯ ಸುಮ್ನೆ ಅಲ್ಲ. ಲೈಪೋಸಕ್ಷನ್ ಅಂದರೆ ಆಪರೇಷನ್ನೇ. ಉಪ್ಪುನೀರಿನ ಜೊತೆ ಅರಿವಳಿಕೆ ಔಷಧ ತುಂಬಿಸಿ, ಸಣ್ಣ ರಂಧ್ರದಿಂದ ಕೊಳವೆ ಹಾಕಿ ಕೊಬ್ಬು ಹೀರಿ ತೆಗೆಯುತ್ತಾರೆ. ಆಮೇಲೆ ವಾರಗಟ್ಟಲೆ ಬಿಗಿ ಪಟ್ಟಿ ಹಾಕಿಕೊಂಡಿರಬೇಕು. ಅರಿವಳಿಕೆ ಡಾಕ್ಟರ್, ಐಸಿಯು ಹತ್ತಿರ ಇಲ್ಲದ ಜಾಗದಲ್ಲಿ ಅದನ್ನು ಯೋಚನೆ ಕೂಡ ಮಾಡಬಾರದು. ಡಾಕ್ಟರ್ ನನಗೆ ಹೇಳಿದ್ದು ಕತ್ತರಿ ಇಲ್ಲದ್ದು, ಕೊಬ್ಬನ್ನು ತಣ್ಣಗೆ ಮಾಡುವ ಕ್ರಯೋಲಿಪೋಲಿಸಿಸ್. ಅವ್ವನಿಗೆ ಎರಡರ ವ್ಯತ್ಯಾಸ ತಿಳಿಸುವಷ್ಟರಲ್ಲಿ ಫೋನ್ ಬಿಸಿಯಾಯಿತು. ಕೊನೆಗೆ "ಕೊಯ್ಯಂಗಿಲ್ಲಲಾ?" ಅಂತ ನಾಲ್ಕು ಸಲ ಕೇಳಿ ಇಟ್ಟಳು.

ಅದೇ ಹೊತ್ತಿಗೆ ಕೆಲಸದ ಹುಡುಕಾಟ ಕೂಡ ನಡೆದಿತ್ತು. ಅಲ್ಲಿಯೂ ಜನ ಎರಡು ತರ. ಮನೆಯ ಮದುವೆಯಲ್ಲಿ ಸಿಕ್ಕ ಒಬ್ಬ ಮಾಮಾ ಹೋಳಿಗೆ ತಿನ್ನುತ್ತಲೇ ಧೈರ್ಯ ಹೇಳಿದರು. "ನಮ್ಮ ಬೀಗರ ಮಗ ದೊಡ್ಡ ಕಂಪನ್ಯಾಗ ಮ್ಯಾನೇಜರ್ ಅದಾನ. ಒಂದ್ ಮಾತು ಹೇಳಿದ್ರ ಆತು, ಕರಸ್ತಾನ." ನನ್ನ ಕೆಲಸ ಏನು ಅಂತ ಅವರು ಕೇಳಲಿಲ್ಲ. ನಾನು ಟೆಸ್ಟಿಂಗ್ ಮಾಡಿದವಳು, ಅವರು ನಾನು ಅಕೌಂಟ್ಸ್ ಅಂದುಕೊಂಡಿದ್ದರು. ಇನ್ನು ಕೆಲವರು, ಗೋಕುಲ ರಸ್ತೆಯಲ್ಲೇ ಇನ್ಫೋಸಿಸ್ ಕ್ಯಾಂಪಸ್ ಇದೆಯಲ್ಲ, ನಡೆದುಕೊಂಡು ಹೋಗಿ ರೆಸ್ಯೂಮೆ ಕೊಟ್ಟು ಬಾ ಅಂದರು. ಗೇಟಿನ ಸೆಕ್ಯುರಿಟಿ ರೆಸ್ಯೂಮೆ ಇಸಿದುಕೊಳ್ಳುವ ಕಾಲ ಹೋಗಿ ಎಷ್ಟೋ ವರ್ಷ ಆಯಿತು.

ರೆಫರಲ್, ಅಂದರೆ ಕಂಪನಿಯ ಒಳಗಿನವರು ಒಂದು ಹುದ್ದೆಗೆ ನಮ್ಮ ಹೆಸರು ಸೂಚಿಸೋದು, ಹೇಗೆ ನಡೆಯುತ್ತದೆ ಅಂತ ನನಗೆ ಒಳಗಿನಿಂದ ಗೊತ್ತು. ಕೆಲಸದಲ್ಲಿದ್ದಾಗ ನಾನೇ ಹಲವರನ್ನು ರೆಫರ್ ಮಾಡಿದ್ದೆ. ಕಂಪನಿಯ ಒಳಗಿನ ಪೋರ್ಟಲ್ ತೆರೆದರೆ ಮೊದಲು ಕೇಳೋದೇ ಜಾಬ್ ಐಡಿ, ಅಂದರೆ ಆ ಹುದ್ದೆಯ ಗುರುತಿನ ಸಂಖ್ಯೆ. ಆಮೇಲೆ ಅಭ್ಯರ್ಥಿಯ ಹೆಸರು, ಇಮೇಲ್, ಫೋನ್, ಪಿಡಿಎಫ್ ರೆಸ್ಯೂಮೆ. "ಇವರನ್ನು ಹೇಗೆ ಗೊತ್ತು" ಅಂತ ಒಂದು ಪೆಟ್ಟಿಗೆ. ಇಷ್ಟೇ. ರೆಫರ್ ಮಾಡಿದವರಿಗೆ ಕೆಲಸ ಕೊಡಿಸುವ ಶಕ್ತಿ ಇರೋದಿಲ್ಲ. ನಮ್ಮ ರೆಸ್ಯೂಮೆ ರಾಶಿಯ ತಳದಿಂದ ಮೇಲೆ ಬರುತ್ತದೆ, ಯಾರಾದರೂ ಒಬ್ಬರು ತೆರೆದು ನೋಡುವ ಸಾಧ್ಯತೆ ಹೆಚ್ಚುತ್ತದೆ. ಮುಂದಿನ ರೌಂಡ್ ಎಲ್ಲಾ ನಮ್ಮದೇ. ಹಾಗಾಗಿ ವಾಟ್ಸಾಪಿನಲ್ಲಿ "ಹಾಯ್, ಎನಿ ಓಪನಿಂಗ್ಸ್?" ಅಂತ ಬಂದರೆ ಒಳಗಿರುವವನು ಏನು ಮಾಡಬೇಕು? ನಮ್ಮ ಪರವಾಗಿ ನೂರಾರು ಹುದ್ದೆ ಓದಿ, ಹೊಂದುವುದನ್ನು ಆರಿಸಿ, ನಮ್ಮ ರೆಸ್ಯೂಮೆ ಹುಡುಕಿ ಹಾಕಬೇಕು. ಯಾರಿಗೆ ಪುರುಸೊತ್ತಿದೆ?

ಅದಕ್ಕೆ ನಾನು ಕಂಪನಿಗಳ ವೆಬ್‌ಸೈಟಿನಲ್ಲಿ ಖಾಲಿ ಹುದ್ದೆ ಹಾಕುವ ಕರಿಯರ್ಸ್ ಪೇಜಿಗೆ ಹೋಗಿ, ನನಗೆ ಹೊಂದುವ ಹುದ್ದೆ ಹುಡುಕಿ, ಜಾಬ್ ಐಡಿ ಬರೆದಿಟ್ಟುಕೊಂಡೆ. ಆದರೆ ಅಲ್ಲಿ ಅಪ್ಲೈ ಬಟನ್ ಒತ್ತಲಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ. ನಾವೇ ಮೊದಲು ಅರ್ಜಿ ಹಾಕಿಬಿಟ್ಟರೆ ಎಷ್ಟೋ ಕಂಪನಿಗಳಲ್ಲಿ ನಮ್ಮ ಹೆಸರು ನೇರ ಅಭ್ಯರ್ಥಿ ಅಂತ ದಾಖಲಾಗುತ್ತದೆ. ಆಮೇಲೆ ಗೆಳತಿ ರೆಫರ್ ಮಾಡಿದರೂ ಕೆಲವು ತಿಂಗಳು ಅದು ಲೆಕ್ಕಕ್ಕೆ ಬರೋದಿಲ್ಲ. ಮೊದಲು ರೆಫರಲ್, ಆಮೇಲೆ ಅದರ ಲಿಂಕಿನಿಂದ ಅರ್ಜಿ. ಹಾಗೇ ಒಂದು ಕಂಪನಿಗೆ ಒಬ್ಬರನ್ನೇ ಕೇಳಬೇಕು. ಇಬ್ಬರು ಹಾಕಿದರೆ ಮೊದಲು ಹಾಕಿದವರದ್ದಷ್ಟೇ ನಿಲ್ಲುತ್ತದೆ, ಇನ್ನೊಬ್ಬರಿಗೆ ಬೇಜಾರು.

ನಮ್ಮ ಕಡೆಯವರಿಗೆ ಕೇಳಲು ಸಂಕೋಚ ಜಾಸ್ತಿ. ಕೈ ಚಾಚಿದ ಹಾಗೆ ಆಗುತ್ತದೆ ಅಂತಾರೆ. ಆದರೆ ಬಹಳಷ್ಟು ಕಂಪನಿಗಳಲ್ಲಿ, ರೆಫರ್ ಮಾಡಿದ ಅಭ್ಯರ್ಥಿ ಸೇರಿ ಕೆಲವು ತಿಂಗಳು ನಿಂತರೆ, ರೆಫರ್ ಮಾಡಿದವರಿಗೆ ಬೋನಸ್ ಸಿಗುತ್ತದೆ. ಅವರಿಗೂ ಲಾಭ ಇದೆ. ಹೊಂದುವ ಅಭ್ಯರ್ಥಿ ತಾನಾಗೇ ಬಂದರೆ ಯಾರೂ ಬೇಡ ಅನ್ನೋದಿಲ್ಲ.

ಇನ್ನೊಂದು ತರದವರೂ ಇದ್ದಾರೆ. ಟೆಲಿಗ್ರಾಂನಲ್ಲಿ ಒಬ್ಬ ಗಂಟು ಬಿದ್ದ. ದೊಡ್ಡ ಕಂಪನಿಯ ಎಚ್‌ಆರ್ ಅಂತೆ. ರೆಫರಲ್ ಕೋಡ್ ಕೊಡುತ್ತಾನಂತೆ, ಮೊದಲು ಯುಪಿಐ ಮಾಡಬೇಕಂತೆ. ನಿಮ್ಮ ಕಂಪನಿ ಮೇಲ್ ಐಡಿಯಿಂದ ಒಂದು ಮೇಲ್ ಹಾಕಿ ಅಂದೆ. ಮಾಯವಾದ. ರೆಫರಲ್‌ಗೆ ದುಡ್ಡು ಕೇಳಿದರೆ ಅದು ಮೋಸ, ಎರಡು ಮಾತಿಲ್ಲ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು, ಅದು ಸೈಬರ್ ವಂಚನೆಯ ಸಹಾಯವಾಣಿ.

ಈಗ ಮತ್ತೆ ಕ್ಲಿನಿಕ್ಕಿಗೆ. ಫಿಸಿಯೋ ನಡೆಯುತ್ತಿತ್ತು, ತೂಕ ಒಂದು ಕಡೆ ನಿಂತಿತ್ತು. ಸೊಂಟದ ಪಕ್ಕದ್ದನ್ನು ಮಾಡಿಸಿಬಿಡೋಣ ಅಂತ ನಿರ್ಧಾರ ಮಾಡಿದೆ. ಬೇಕಿತ್ತಾ ಅಂತ ಕೇಳಬಹುದು. ಬೇಕಿತ್ತು, ನನ್ನ ಖುಷಿಗೆ ಬೇಕಿತ್ತು. ಅದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ.

ಒಪ್ಪಿಗೆ ಪತ್ರವನ್ನು ಪೂರ್ತಿ ಓದಿದೆ. ಸಹಿ ಹಾಕಿಸಿಕೊಳ್ಳುವ ಸಿಸ್ಟರ್ ಆಚೆ ಈಚೆ ಓಡಾಡಿ, "ಎಲ್ಲಾರೂ ಹಂಗ ಸೈನ್ ಮಾಡ್ತಾರ್ರಿ" ಅಂದರು. ಅದರಲ್ಲಿ ಒಂದು ಸಾಲು ಇತ್ತು. ಅಪರೂಪಕ್ಕೆ, ತಣ್ಣಗೆ ಮಾಡಿದ ಜಾಗದಲ್ಲಿ ಕೊಬ್ಬು ಕರಗುವ ಬದಲು ಬೆಳೆದು ಗಟ್ಟಿಯಾಗಬಹುದು, ಅದನ್ನು ಸರಿ ಮಾಡಲು ಆಪರೇಷನ್ ಬೇಕಾಗಬಹುದು. ಡಾಕ್ಟರನ್ನು ಕೇಳಿದೆ. ನಿಜ ಅಂದರು. ಕೆನಡಾದ ಹೆಸರಾಂತ ಮಾಡೆಲ್ ಲಿಂಡಾ ಇವಾಂಜೆಲಿಸ್ಟಾ ತನಗೆ ಹಾಗೇ ಆಯಿತು ಅಂತ 2021ರಲ್ಲಿ ಬಹಿರಂಗವಾಗಿ ಹೇಳಿದ್ದರು. ಅಪರೂಪ ಅಂದರೆ ಇಲ್ಲವೇ ಇಲ್ಲ ಅಂತಲ್ಲ. ಇದನ್ನು ಬಾಯಿಬಿಟ್ಟು ಹೇಳದ ಕ್ಲಿನಿಕ್ಕಿನಲ್ಲಿ ಮಾಡಿಸಬೇಡಿ.

ಈ ವಿದ್ಯೆ ಹುಟ್ಟಿದ ಕಥೆಯನ್ನೂ ಅವರೇ ಹೇಳಿದರು. ಐಸ್ ಕ್ಯಾಂಡಿ ಚೀಪುವ ಚಿಕ್ಕ ಮಕ್ಕಳ ಕೆನ್ನೆಯಲ್ಲಿ ಕೊಬ್ಬಿಗೆ ಮಾತ್ರ ಪೆಟ್ಟಾಗಿ, ಚರ್ಮ ಚೆನ್ನಾಗೇ ಇರುವುದನ್ನು ಡಾಕ್ಟರುಗಳು 1970ರ ಸುಮಾರಿಗೇ ಬರೆದಿಟ್ಟಿದ್ದರು. ಚರ್ಮಕ್ಕಿಂತ ಕೊಬ್ಬಿನ ಕಣಕ್ಕೆ ಚಳಿ ತಡೆಯುವ ಶಕ್ತಿ ಕಡಿಮೆ. ಇದನ್ನೇ ಹಿಡಿದು ಬಾಸ್ಟನ್ನಿನ ಮಸಾಚುಸೆಟ್ಸ್ ಜನರಲ್ ಆಸ್ಪತ್ರೆಯ ಮ್ಯಾನ್‌ಸ್ಟೀನ್, ಆಂಡರ್ಸನ್ ಮತ್ತು ಅವರ ಜೊತೆಯವರು 2008ರಲ್ಲಿ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಎಫ್‌ಡಿಎ 2010ರಲ್ಲಿ ಮೊದಲು ಒಪ್ಪಿದ್ದು ಸೊಂಟದ ಪಕ್ಕಕ್ಕೇ. ಹೊಟ್ಟೆ, ತೊಡೆ, ಗದ್ದ ಆಮೇಲೆ ಬಂದವು.

ಆ ದಿನ ಮೊದಲು ಫೋಟೋ. ನೆಲದ ಮೇಲೆ ಪಾದದ ಗುರುತು ಅಂಟಿಸಿದ್ದರು, ಪ್ರತಿ ಸಲ ಅಲ್ಲೇ ನಿಲ್ಲಬೇಕು. ಲೈಟು ಅದೇ, ಉಸಿರು ಸಹಜ. ಆಮೇಲೆ ಒಂದು ಪಕ್ಕಕ್ಕೆ ಮಲಗಿಸಿ, ಚರ್ಮದ ಮೇಲೆ ಜೆಲ್ ಹಚ್ಚಿದ ತೆಳು ಹಾಳೆ ಹಾಸಿದರು. ಚರ್ಮ ಚಳಿಗೆ ಸುಡದ ಹಾಗೆ ಕಾಯೋದು ಆ ಹಾಳೆಯೇ. ಅದರಲ್ಲಿ ಜಿಪುಣತನ ಮಾಡುವ ಕಡೆ ಗುಳ್ಳೆ ಏಳುತ್ತವೆ. ಮೇಲೆ ಮಷೀನಿನ ಬಟ್ಟಲಿನಂಥ ಕಪ್ಪು ಇಟ್ಟರು. ಮಷೀನ್ ಗುರ್ ಅಂದು ಮಾಂಸವನ್ನು ಒಳಗೆ ಎಳೆದುಕೊಂಡಿತು. ನೋವಿಗಿಂತ ಜಾಸ್ತಿ ವಿಚಿತ್ರ ಅನಿಸಿತು. ಮೊದಲ ಕೆಲವು ನಿಮಿಷ ಚುರುಕ್ ಚುರುಕ್ ಚಳಿ, ಹಲ್ಲು ಕಚ್ಚುವಷ್ಟು. ಆಮೇಲೆ ಆ ಜಾಗ ನನ್ನದೇ ಅಲ್ಲ ಅನ್ನುವ ಹಾಗೆ ಜೋಮು ಹಿಡಿಯಿತು.

ಇನ್ನು ಮುಕ್ಕಾಲು ಗಂಟೆ ಹಾಗೇ ಮಲಗಿರಬೇಕು. ಒಂದು ಕೈ ಖಾಲಿ ಇತ್ತು, ಕೈಯಲ್ಲಿ ಫೋನ್ ಇತ್ತು. ಹಳೆಯ ಟೀಮಿನ ಲೀಡ್ ಒಬ್ಬರಿಗೆ ಕಳಿಸಬೇಕಾದ ಮೆಸೇಜನ್ನು ಅಲ್ಲೇ ಬರೆದೆ. ಬರೆದಿದ್ದು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಹೇಳಿದರೆ ಹೀಗೆ:

"ನಮಸ್ಕಾರ ಸರ್. ನಾವು ಪೇಮೆಂಟ್ಸ್ ಪ್ರಾಜೆಕ್ಟಿನಲ್ಲಿ ಜೊತೆಗೆ ಕೆಲಸ ಮಾಡಿದ್ದೆವು, ರಿಗ್ರೆಶನ್ ಸೂಟ್ ನಾನು ನೋಡಿಕೊಳ್ಳುತ್ತಿದ್ದೆ. ಮಗಳಿಗಾಗಿ ಕೆಲಸ ಬಿಟ್ಟಿದ್ದೆ, ಈಗ ಮತ್ತೆ ಸೇರಲು ತಯಾರಿದ್ದೇನೆ. ಈಚೆಗೆ ಸೆಲೆನಿಯಂ, ಎಪಿಐ ಟೆಸ್ಟಿಂಗ್ ಮತ್ತೆ ಅಭ್ಯಾಸ ಮಾಡಿದ್ದೇನೆ, ಮಾಡಿದ ಕೆಲಸದ ಲಿಂಕ್ ರೆಸ್ಯೂಮೆಯಲ್ಲಿದೆ. ನಿಮ್ಮ ಕಂಪನಿಯಲ್ಲಿ ಈ ಜಾಬ್ ಐಡಿಯ ಹುದ್ದೆ ನನಗೆ ಹೊಂದುತ್ತದೆ ಅನಿಸಿತು. ರೆಸ್ಯೂಮೆ ನೋಡಿ, ಸರಿ ಅನಿಸಿದರೆ ರೆಫರ್ ಮಾಡುತ್ತೀರಾ? ಬೇಡ ಅನಿಸಿದರೂ ತೊಂದರೆ ಇಲ್ಲ, ಹೇಳಿಬಿಡಿ."

ಕೊನೆಯ ಸಾಲು ಮುಖ್ಯ. ಇಲ್ಲ ಅನ್ನಲು ಬಾಗಿಲು ತೆರೆದಿಟ್ಟರೆ ಜನ ಉತ್ತರ ಕೊಡುತ್ತಾರೆ. ಇಲ್ಲದಿದ್ದರೆ ನೀಲಿ ಟಿಕ್ ಬಿದ್ದು ಸುಮ್ಮನಾಗುತ್ತಾರೆ. ಕಳಿಸು ಒತ್ತಿದ್ದಕ್ಕೂ ಮಷೀನ್ ಬೀಪ್ ಅಂದಿದ್ದಕ್ಕೂ ಸರಿಹೋಯಿತು.

ಕಪ್ಪು ತೆಗೆದರು. ತಿರುಗಿ ನೋಡಿದೆ. ಸೊಂಟದ ಪಕ್ಕದಲ್ಲಿ ಕೆಂಪಗೆ, ಕಪ್ಪಿನ ಆಕಾರದಲ್ಲೇ, ಫ್ರಿಜ್ಜಿನಿಂದ ತೆಗೆದ ಬೆಣ್ಣೆ ಮುದ್ದೆಯ ಹಾಗೆ ಗಟ್ಟಿಯಾಗಿ ನಿಂತಿತ್ತು. ಸಿಸ್ಟರ್ ಅದನ್ನು ಎರಡು ನಿಮಿಷ ಜೋರಾಗಿ ತಿಕ್ಕಿದರು. ಇಡೀ ದಿನದಲ್ಲಿ ನಿಜವಾಗಿ ನೋವಾಗಿದ್ದು ಅದೊಂದೇ. ಆಮೇಲೆ ಇನ್ನೊಂದು ಪಕ್ಕ. ಬಿಲ್ಲಿನಲ್ಲಿ ಕಪ್ಪಿಗಿಷ್ಟು ಅಂತ ಲೆಕ್ಕ, ಮೇಲೆ 18% ಜಿಎಸ್‌ಟಿ. ಕಾಯಿಲೆಯ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ, ಚಂದಕ್ಕೆ ಮಾಡಿಸುವುದಕ್ಕೆ ಇದೆ. ಇನ್ಶೂರೆನ್ಸ್ ಕೂಡ ಇದಕ್ಕೆ ಬರೋದಿಲ್ಲ. ಕಪ್ಪು ಎಷ್ಟು, ತೆರಿಗೆ ಸೇರಿ ಎಷ್ಟು ಅಂತ ಮೊದಲೇ ಕಾಗದದ ಮೇಲೆ ಬರೆಸಿಕೊಂಡಿದ್ದರಿಂದ ಕೌಂಟರಿನಲ್ಲಿ ಗಲಾಟೆ ಆಗಲಿಲ್ಲ.

ಚಿಗರಿ ಬಸ್ ಹತ್ತಿ ಮನೆಗೆ ಬಂದೆ. ರಾತ್ರಿ ಅಡಿಗೆ ಮಾಡಿದೆ. ಜೋಮು ಕೆಲವು ವಾರ ಇತ್ತು. ನಡುವೆ ಒಮ್ಮೊಮ್ಮೆ ರಾತ್ರಿ ಇದ್ದಕ್ಕಿದ್ದಂತೆ ಕರೆಂಟ್ ಹೊಡೆದ ಹಾಗೆ ಚುಳುಕ್ ಅನ್ನುತ್ತಿತ್ತು. ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಸತ್ತ ಕೊಬ್ಬಿನ ಕಣಗಳನ್ನು ಮೈ ತಾನೇ ನಿಧಾನ ತೆಗೆದುಹಾಕುತ್ತದೆ. ಫಲಿತಾಂಶ ಪೂರ್ತಿ ಕಾಣಲು ಎರಡು ಮೂರು ತಿಂಗಳು ಬೇಕು. ಮುಂದಿನ ವಾರದ ಮದುವೆಗೆ ಅಂತ ಮಾಡಿಸುವವರು ದುಡ್ಡು ಉಳಿಸಿಕೊಂಡು ಒಳ್ಳೆಯ ಇಳಕಲ್ ಸೀರೆ ತಗೊಳ್ಳಲಿ. ಗದ್ದದ ಕೆಳಗೆ ಕೊಬ್ಬು ಕರಗಿಸುವ ಇಂಜೆಕ್ಷನ್ ಮಾಡಿಸುವವರೂ ಅಷ್ಟೇ. ಅದು ಮೊದಲು ಚೆನ್ನಾಗಿ ಊದುತ್ತದೆ. ಇಂಟರ್‌ವ್ಯೂ ಎದುರಿಗೆ ಇಟ್ಟುಕೊಂಡು ಬೇಡವೇ ಬೇಡ. ವಿಡಿಯೋ ಕಾಲಿನಲ್ಲಿ ಕಾಣೋದೇ ಗದ್ದ, ಅಲ್ವಾ.

ಲೀಡ್ ಸರ್ ಎರಡನೇ ದಿನ ಫೋನ್ ಮಾಡಿದರು. ನಮ್ಮ ಡಾಕ್ಟರ್ ತರವೇ ಶುರು ಮಾಡಿದರು. ಈಗ ಯಾವ ಟೂಲ್ ಕೈಯಲ್ಲಿದೆ? ಬರೆದ ಕೋಡ್ ತೋರಿಸುತ್ತೀಯಾ? ವಾರಕ್ಕೆ ಎಷ್ಟು ದಿನ ಬೆಂಗಳೂರಿಗೆ ಬರಲು ಆಗುತ್ತದೆ? ಆಮೇಲೆ, "ಈ ಜಾಬ್ ಐಡಿ ಬೇಡ, ಇದಕ್ಕೆ ಒಳಗಿನವರನ್ನೇ ತಗೋತಿದಾರೆ. ಇದರ ಪಕ್ಕದ ಟೀಮಿಂದು ಹಾಕೋಣ" ಅಂದರು. ಉಪಕಾರ ಆಗಿದ್ದು ಈ ಒಂದು ಮಾತಿನಿಂದ. ಹೊರಗಿನ ಪೇಜಿನಲ್ಲಿ ಈ ವಿಷಯ ಕಾಣೋದಿಲ್ಲ.

ಗ್ಯಾಪ್ ಬಗ್ಗೆ ನಾನು ರೆಸ್ಯೂಮೆಯಲ್ಲಿ ಮುಚ್ಚಿಟ್ಟಿರಲಿಲ್ಲ. ಇಸವಿ ಹಾಕಿ, ಮಗುವಿನ ಪಾಲನೆ ಅಂತ ಬರೆದು, ಕೆಳಗೆ ಈಚೆಗೆ ಕಲಿತದ್ದನ್ನು ಹಾಕಿದ್ದೆ. ಲಿಂಕ್ಡ್‌ಇನ್‌ನಲ್ಲಿ ಕೂಡ 2022ರಿಂದ ಇದಕ್ಕೆ ಬೇರೆ ಜಾಗವೇ ಇದೆ. ಮುಚ್ಚಿಟ್ಟರೂ ಉಳಿಯೋದಿಲ್ಲ. ಪಿಎಫ್‌ನ ಯುಎಎನ್ ದಾಖಲೆಯಲ್ಲಿ ಯಾವ ತಿಂಗಳು ಸೇರಿದ್ದು, ಯಾವ ತಿಂಗಳು ಬಿಟ್ಟಿದ್ದು ಎಲ್ಲಾ ಇರುತ್ತದೆ, ಹಿನ್ನೆಲೆ ಪರಿಶೀಲನೆ ಮಾಡುವವರು ಅದನ್ನೇ ನೋಡುತ್ತಾರೆ. ಹಳೆಯ ಕಂಪನಿಯ ರಿಲೀವಿಂಗ್ ಲೆಟರ್, ಕೊನೆಯ ಸಂಬಳದ ಚೀಟಿ ಹುಡುಕಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ನನ್ನ ರಿಲೀವಿಂಗ್ ಲೆಟರ್ ಅತ್ತೆಯ ಟ್ರಂಕಿನಲ್ಲಿ ಮದುವೆ ಆಲ್ಬಮ್ಮಿನ ಒಳಗೆ ಸಿಕ್ಕಿತು.

ಇಂಟರ್‌ವ್ಯೂ ರೌಂಡುಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಒಂದು ಕಡೆ ಕೊನೆಯ ರೌಂಡಿನಲ್ಲಿ ಬಿಟ್ಟರು. ಒಂದು ಕಡೆಯಿಂದ ಉತ್ತರವೇ ಬರಲಿಲ್ಲ. ಲೀಡ್ ಸರ್ ಹಾಕಿದ್ದು ಆಯಿತು. ಆಗದ ಕಡೆ ರೆಫರ್ ಮಾಡಿದವರಿಗೂ ಫೋನ್ ಮಾಡಿ ಹೀಗಾಯಿತು ಅಂತ ತಿಳಿಸಿದೆ. ಬಹಳ ಜನ ಇದನ್ನು ಬಿಡುತ್ತಾರೆ. ರೆಫರ್ ಮಾಡಿದವರಿಗೆ ಏನಾಯಿತು ಅಂತ ಕುತೂಹಲ ಇರುತ್ತದೆ, ಪೋರ್ಟಲ್ ಅವರಿಗೆ ಎಲ್ಲಾ ಹೇಳೋದಿಲ್ಲ.

ಈಗ ಮನೆಯಿಂದ ಕೆಲಸ. ನಡುನಡುವೆ ಬೆಂಗಳೂರಿಗೆ ಹೋಗಬೇಕು. ಧಾರವಾಡದಿಂದ ಹೊರಡುವ ಮಧ್ಯಾಹ್ನದ ವಂದೇ ಭಾರತ್ ಹಿಡಿದರೆ ರಾತ್ರಿ ಊಟದ ಹೊತ್ತಿಗೆ ಬೆಂಗಳೂರು. ಪ್ಯಾಂಟು ಹೊಸದು ತಗೊಂಡೆ, ಹಳೆಯದರ ಗುಂಡಿ ಈಗಲೂ ಹತ್ತೋದಿಲ್ಲ.

ಮೊನ್ನೆ ಕ್ಲಿನಿಕ್ಕಿನಲ್ಲಿ ಕೊನೆಯ ಫೋಟೋ ತೆಗೆದರು. ಎರಡೂ ಫೋಟೋ ಪಕ್ಕಪಕ್ಕ ಇಟ್ಟು ನೋಡಿದೆವು. ಸೊಂಟದ ಪಕ್ಕದ ಗೆರೆ ಒಳಗೆ ಸರಿದಿದೆ. ಸಾಮಾನ್ಯವಾಗಿ ಆ ಜಾಗದ ಕೊಬ್ಬಿನ ದಪ್ಪದಲ್ಲಿ ಐದರಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ ಅಂತ ಮೊದಲೇ ಹೇಳಿದ್ದರು. ನನ್ನದೂ ಅಷ್ಟೇ ಇರಬೇಕು. ಕುರ್ತಾ ಹಾಕಿದರೆ ನನಗೆ ಗೊತ್ತಾಗುತ್ತದೆ. ಅತ್ತೆಗೆ ಗೊತ್ತಾಗಿಲ್ಲ. ಹೊಟ್ಟೆಯ ಅಂತರ ಕೂಡ ಕಡಿಮೆ ಆಗಿದೆ, ಫಿಸಿಯೋ ಇನ್ನೂ ಬಿಟ್ಟಿಲ್ಲ. ಇನ್ನೊಂದು ಸಲ ಕಪ್ಪು ಇಡಿಸಲೇ ಅಂತ ಕೇಳಿದ್ದಕ್ಕೆ ಡಾಕ್ಟರ್, "ಯಾಕ್ರಿ, ಸಾಕಲ್ಲ" ಅಂದರು.

ಹೊರಡುವಾಗ ಆ ದಿನ ತಿಕ್ಕಿದ್ದ ಸಿಸ್ಟರ್ ಬಾಗಿಲ ತನಕ ಬಂದರು. "ಅಕ್ಕಾರ, ನಮ್ಮ ತಮ್ಮಂದು ಬಿಇ ಮುಗದದ. ನಿಮ್ಮ ಕಂಪನ್ಯಾಗ ಏನರ ಇದ್ರ ಹೇಳ್ತೀರೇನ್ರಿ?" ಯಾವ ಬ್ರಾಂಚು, ಏನು ಬರುತ್ತದೆ, ಪ್ರಾಜೆಕ್ಟ್ ಏನು ಮಾಡಿದ್ದಾನೆ ಅಂತ ಕೇಳಿದೆ. ಆಕೆಗೆ ಬ್ರಾಂಚ್ ಬಿಟ್ಟು ಏನೂ ಗೊತ್ತಿರಲಿಲ್ಲ. ನನ್ನ ಜಿಎಸ್‌ಟಿ ಬಿಲ್ಲಿನ ಹಿಂದೆ ಕರಿಯರ್ಸ್ ಪೇಜಿನ ವಿಳಾಸ ಬರೆದು ಕೊಟ್ಟೆ. "ಅವನ ಕಡೆಯಿಂದನ ಫೋನ್ ಮಾಡಸ್ರಿ. ಜಾಬ್ ಐಡಿ ಹುಡುಕಿಟ್ಟುಕೊಂಡು ಮಾಡ್ಲಿ. ಅಪ್ಲೈ ಮಾತ್ರ ಈಗ ಒತ್ತಬ್ಯಾಡ ಅನ್ರಿ" ಅಂದೆ.